ಬಣ್ಣ ಬಿಟ್ಟ ಗಾಜು

ಎದ್ದು ಹೋಗಬೇಡಿ, ಇದೊಂದನ್ನು ಪೂರ್ತಿ ಕೇಳಿ. ಆಸ್ಪತ್ರೆ, ರಿಜಿಸ್ಟರು, ಅಂಕಿಸಂಖ್ಯೆ ಅಂದ ಕೂಡಲೇ ಆಕಳಿಕೆ ಬರುತ್ತದೆ, ಗೊತ್ತು. ಆದರೆ ನೀರಜಾಳ ಆ ಒಂದು ವಾರದ ಕಥೆ ಕೇಳಿದ ಮೇಲೆ, ಯಾವ ಆಸ್ಪತ್ರೆಯ ಗೋಡೆಯಲ್ಲಿ ಮೇಲಕ್ಕೇರುವ ಗೆರೆ ಕಂಡರೂ ನೀವು ಒಂದು ಗಳಿಗೆ ನಿಂತು ನೋಡುತ್ತೀರಿ. ಸುಮ್ಮನೆ ಹೇಳುತ್ತಿಲ್ಲ.

ಸಂಡೂರಿನಿಂದ ಹೊಸಪೇಟೆಗೆ ಬರುವ ರಸ್ತೆಯಲ್ಲಿ ಒಂದು ಸಮುದಾಯ ಆರೋಗ್ಯ ಕೇಂದ್ರ. ಊರಿನ ಹೆಸರು ಮಾತ್ರ ಕೇಳಬೇಡಿ. ಅದಿರಿನ ಲಾರಿಗಳು ಗೇಟಿನ ಮುಂದೆಯೇ ಹಾದುಹೋಗುವುದರಿಂದ ಅಲ್ಲಿ ಎಲ್ಲದಕ್ಕೂ ಒಂದೇ ಬಣ್ಣ. ಬೇವಿನ ಎಲೆಗೆ ಕೆಂಪು, ಒಣಹಾಕಿದ ಬಿಳಿ ಹೊದಿಕೆಗೆ ಕೆಂಪು, ಕಿಟಕಿಯ ಸರಳಿಗೆ ಕೆಂಪು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಲ್ಲಿ ಹೆಸರು ಬರೆಯಬಹುದು.

ನೀರಜಾ ಅಲ್ಲಿಗೆ ಗುತ್ತಿಗೆಯ ಮೇಲೆ ಬಂದು ಐದು ತಿಂಗಳಾಗಿತ್ತು. ಇಪ್ಪತ್ನಾಲ್ಕರ ಹುಡುಗಿ, ತುಂಗಭದ್ರಾ ಡ್ಯಾಂ ಕ್ವಾರ್ಟರ್ಸಿನವಳು, ತಂದೆ ಕಾಲುವೆ ಕಚೇರಿಯಲ್ಲಿ ನೌಕರಿ. ಹನ್ನೊಂದು ವರ್ಷದ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಹಾಕಿ, ಈ ಸೀಮೆಯ ಜನರ ಆರೋಗ್ಯ ಎಷ್ಟು ಸುಧಾರಿಸಿದೆ ಎಂದು ಲೆಕ್ಕ ತೆಗೆಯುವುದು ಅವಳ ಕೆಲಸ. ಎಲ್ಲರೂ ಅವಳನ್ನು ‘ಡೇಟಾ ಮೇಡಂ’ ಎನ್ನುತ್ತಿದ್ದರು. ಮುಂದಿನ ಸೋಮವಾರ ಬೆಂಗಳೂರಿನಿಂದ ಮೌಲ್ಯಮಾಪನದ ತಂಡ ಬರುವುದಿತ್ತು. ಅವರು ಒಳ್ಳೆಯ ಅಂಕ ಕೊಟ್ಟರೆ ಕೇಂದ್ರಕ್ಕೆ ರಕ್ತ ಇಡುವ ಫ್ರಿಜ್ಜು ಸಿಗುತ್ತದೆ. ಅದು ಬಂದರೆ ಹೆರಿಗೆಯಲ್ಲಿ ರಕ್ತ ಹೋದ ಹೆಂಗಸರನ್ನು ಲಾರಿಗಳ ಸಾಲಿನಲ್ಲಿ ಸಿಕ್ಕಿಸಿಕೊಂಡು ಹೊಸಪೇಟೆಗೆ ಒಯ್ಯುವ ಪಾಡು ತಪ್ಪುತ್ತದೆ.

ಆ ಅಂಕಕ್ಕೆ ಆಧಾರ ಗೋಡೆಯ ಮೇಲಿನ ಗೆರೆ. ಬಸುರಿಯರ ರಕ್ತದ ಶಕ್ತಿ, ಅಂದರೆ ಎಲ್ಲರೂ ಎಚ್‌ಬಿ ಅನ್ನುತ್ತಾರಲ್ಲ, ಅದರ ಸರಾಸರಿಯ ಗೆರೆ. ಹನ್ನೊಂದು ವರ್ಷದ ಹಿಂದೆ ಎಂಟು. ಈಗ ಹನ್ನೆರಡು. ವರ್ಷವರ್ಷವೂ ಒಂದಿಷ್ಟು ಏರಿದೆ, ಒಮ್ಮೆಯೂ ಇಳಿದಿಲ್ಲ. ಏಳಕ್ಕಿಂತ ಕಡಿಮೆ ಇದ್ದವರಿಗೆ ಅಲ್ಲಿ ಹೆರಿಗೆ ಮಾಡಿಸುವಂತಿಲ್ಲ, ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು. ಅಂಥವರು ಮೂರು ವರ್ಷದಿಂದ ಒಬ್ಬರೂ ಇಲ್ಲ.

ಆ ಗೆರೆ ಎಳೆದವರು ಲ್ಯಾಬಿನ ವಿರೂಪಾಕ್ಷಪ್ಪ. ನಿವೃತ್ತಿಗೆ ಎರಡೇ ತಿಂಗಳು. ಮನುಷ್ಯ ಬಂಗಾರ. ಲ್ಯಾಬಿಗೆ ಹೊಸ ಮಿಷನ್ನು ಬಂದು ಕೆಟ್ಟು ಹೋಗಿದ್ದರೂ ಅವರ ಹಳೆಯ ಎಚ್‌ಬಿ ಡಬ್ಬಿ ಮಾತ್ರ ಒಂದು ದಿನವೂ ರಜೆ ಹಾಕಿದ್ದಿಲ್ಲ. ಅಂಗೈಯಗಲದ ಕರಿ ಡಬ್ಬಿ. ಎರಡೂ ಪಕ್ಕ ಕಂದು ಬಣ್ಣದ ಗಾಜು, ನಡುವೆ ಒಂದು ಕೊಳವೆ. ಬೆಳಿಗ್ಗೆ ಬಂದವರೇ ಕೆಂಪು ಧೂಳು ಹೋಗಲೆಂದು ಅದನ್ನು ಸ್ಪಿರಿಟ್ಟಿನಲ್ಲಿ ತೊಳೆದು, ಮೂಡಣ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತಿದ್ದರು. ಅದು ಒಣಗುವ ತನಕ ಚಹಾ. ಹನ್ನೊಂದು ವರ್ಷ, ದಿನಾ ಹೀಗೆ. ಆಯುಧ ಪೂಜೆಗೆ ಬೇರೆ ಸಾಮಾನಿಗೆಲ್ಲ ಒಂದೊಂದು ಬೊಟ್ಟಾದರೆ ಈ ಡಬ್ಬಿಗೆ ಹೂವಿನ ಹಾರ.

ಮಂಗಳವಾರ ಕೆಲಸ ಕಡಿಮೆ ಇತ್ತು. ವಿರೂಪಾಕ್ಷಪ್ಪ ನೀರಜಾಳನ್ನು ಕರೆದರು.

“ಬಾರವ್ವಾ, ಎಲ್ಲಾರ ನಂಬರು ಬರೀತಿ, ನಿಂದ ಎಷ್ಟೈತಿ ನೋಡೂಣು. ಕುಂದ್ರು.”

“ನಂದು ಭಾಳ ಕಮ್ಮಿ ಐತ್ರಿ ಸಾರ್, ನಕ್ಕೀರಿ ಮತ್ತ.”

“ನಗಾಕ ಕರದೀನಿ, ಬಾ.”

ಬೆರಳಿಗೆ ಚುಚ್ಚಿ, ಒಂದು ಹನಿ ರಕ್ತವನ್ನು ಕೊಳವೆಯ ಆಸಿಡ್ಡಿಗೆ ಬಿಟ್ಟರು. ಅದು ಕಂದಾಯಿತು.

“ಈಗ ಇದು ಡಿಕಾಕ್ಷನ್ ಇದ್ದಂಗ. ಹನಿ ಹನಿ ನೀರು ಹಾಕ್ಕೊಂತ ಹೋಗೋದು. ಬಾಜೂ ಗಾಜಿನ ಬಣ್ಣಕ್ಕ ಸರಿಯಾದ ಕೂಡ್ಲೆ ನಿಲ್ಸೋದು. ನೀರು ಎಲ್ಲಿಗೆ ಬಂದು ನಿಂತೈತೋ ಅದ ನಿನ್ನ ನಂಬರು. ರಕ್ತ ಗಟ್ಟಿ ಇದ್ದಷ್ಟೂ ನೀರು ಜಾಸ್ತಿ ಹಿಡಿತೈತಿ.” ಕಣ್ಣು ಕಿರಿದು ಮಾಡಿ ಬೆಳಕಿಗೆ ಹಿಡಿದರು. “ಹದಿಮೂರೂವರಿ! ಪೈಲ್ವಾನಳ ಆದೆಲ್ಲವ್ವಾ!”

ನೀರಜಾ ನಕ್ಕಳು. ಆದರೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಆ ನಗು ಎಲ್ಲೋ ಅರ್ಧ ದಾರಿಯಲ್ಲಿ ಇಳಿದು ಹೋಯಿತು. ಹೋದ ತಿಂಗಳು ಹೊಸಪೇಟೆಯಲ್ಲಿ ತೋರಿಸಿಕೊಂಡಾಗ ಅವಳದು ಬರೀ ಒಂಬತ್ತಿತ್ತು. ಕೊಟ್ಟ ಮಾತ್ರೆಯನ್ನು ವಾಕರಿಕೆ ಬಂತೆಂದು ನಾಲ್ಕೇ ದಿನಕ್ಕೆ ಬಿಟ್ಟಿದ್ದಳು.

ಬುಧವಾರ ಬೆಳಿಗ್ಗೆ ಆಶಾ ಕಾರ್ಯಕರ್ತೆ ಸಂಗಮ್ಮ ಒಬ್ಬ ಬಸುರಿಯ ಕೈ ಹಿಡಿದುಕೊಂಡು ಬಂದಳು. ಹೆಸರು ಕೊಟ್ರಬಸಮ್ಮ, ಎಂಟು ತಿಂಗಳು.

“ನೋಡ್ರಿ ಮೇಡಂ, ಇಕಿ ಮಣ್ಣು ತಿಂತಾಳ್ರಿ. ಸೆರಗಿನ್ಯಾಗ ಕಟಿಗೊಂಡು ತಿರಗತಾಳ. ಬೈದ್ರ ನಗತಾಳ.”

ಕೊಟ್ರಬಸಮ್ಮ ಬಾಯಿಗೆ ಕೈ ಅಡ್ಡ ಹಿಡಿದಳು. ತುಟಿಯ ಅಂಚಿನಲ್ಲಿ ಕೆಂಪು ಮಣ್ಣಿನ ಗೆರೆ. ಆ ಕೈಯ ಉಗುರುಗಳನ್ನು ನೀರಜಾ ನೋಡಿದಳು. ಸುಣ್ಣದ ಬಿಳುಪು. ಆಚೆ ಲ್ಯಾಬಿನಿಂದ ವಿರೂಪಾಕ್ಷಪ್ಪನವರ ಚೀಟಿ ಬಂತು: ಹತ್ತು ಪಾಯಿಂಟ್ ಎರಡು.

“ಹತ್ತು ಐತ್ರಿ, ಚಲೋ ಐತಿ,” ಎಂದಳು ಸಂಗಮ್ಮ. ಆಮೇಲೆ ದನಿ ಇಳಿಸಿ, “ಚಲೋ ಇದ್ರ ಮಣ್ಣ್ಯಾಕ ತಿಂತಾಳ್ರಿ?”

ನೀರಜಾ ಯಾರಿಗೂ ಹೇಳಲಿಲ್ಲ. ಇಬ್ಬರನ್ನೂ ಹನ್ನೊಂದರ ಬಸ್ಸಿಗೆ ಹತ್ತಿಸಿಕೊಂಡು ಹೊಸಪೇಟೆಗೆ ಹೋದಳು. ಅಲ್ಲಿಯ ಮಿಷನ್ನು ಒಂದೇ ನಿಮಿಷದಲ್ಲಿ ಹೇಳಿತು: ಕೊಟ್ರಬಸಮ್ಮನದು ಆರು ಪಾಯಿಂಟ್ ಎಂಟು. ನೀರಜಾ ತನ್ನದನ್ನೂ ಮಾಡಿಸಿದಳು: ಒಂಬತ್ತು. ಹೋದ ತಿಂಗಳಿನಷ್ಟೇ. ಡಾಕ್ಟರು ಕೊಟ್ರಬಸಮ್ಮನನ್ನು ಅಲ್ಲೇ ಮಲಗಿಸಿಕೊಂಡು ರಕ್ತ ಹಚ್ಚಿದರು. “ಹಿಂಗ ಹೆರಿಗಿಗೆ ಬಂದಿದ್ರ ಕತಿ ಮುಗೀತಿತ್ತು,” ಎಂದರಂತೆ.

ಗುರುವಾರ ನೀರಜಾ ಬೇಗ ಬಂದಳು. ಸ್ಟೋರಿನ ಕಪಾಟಿನಲ್ಲಿ, ಹಳೆಯ ಕ್ಯಾಲೆಂಡರುಗಳ ಅಡಿಯಲ್ಲಿ ಅವಳಿಗೆ ಎರಡು ವಸ್ತು ಸಿಕ್ಕವು. ಒಂದು, ಎರಡು ವರ್ಷದ ಹಿಂದೆ ಬಂದ ಡಿಜಿಟಲ್ ಮೀಟರು. ಅದರ ಮೇಲೆ ವಿರೂಪಾಕ್ಷಪ್ಪನವರ ದುಂಡನೆಯ ಅಕ್ಷರದ ಚೀಟಿ: ‘ಕಮ್ಮಿ ತೋರಿಸುತ್ತದೆ. ಕೆಟ್ಟಿದೆ.’ ಇನ್ನೊಂದು, ಪೇಪರು ಸುತ್ತಿದ ಎಚ್‌ಬಿ ಡಬ್ಬಿ. ಹನ್ನೊಂದು ವರ್ಷದ ಹಿಂದೆ ಜೊತೆಗೇ ಬಂದಿದ್ದ ಎರಡರಲ್ಲಿ ಇದು ಎಂದೂ ಬಿಚ್ಚದ್ದು.

ಅದನ್ನು ತೆಗೆದುಕೊಂಡು ಹೋಗಿ ಕಿಟಕಿಯ ಕಟ್ಟೆಯ ಮೇಲೆ ಒಣಗುತ್ತಿದ್ದ ಡಬ್ಬಿಯ ಪಕ್ಕದಲ್ಲಿಟ್ಟಳು.

ಕತ್ತಲಲ್ಲಿದ್ದ ಗಾಜು ಗಟ್ಟಿ ಡಿಕಾಕ್ಷನ್ನಿನ ಬಣ್ಣ. ಬಿಸಿಲು ಕಂಡ ಗಾಜು ಲೋಟ ತೊಳೆದ ನೀರಿನ ಬಣ್ಣ.

ಬೆನ್ನ ಹಿಂದೆ ವಿರೂಪಾಕ್ಷಪ್ಪ ಬಂದು ನಿಂತದ್ದು ಅವಳಿಗೆ ತಿಳಿಯಲೇ ಇಲ್ಲ. ಅವರು ಎರಡನ್ನೂ ನೋಡಿದರು. ಕೈಯಲ್ಲಿದ್ದ ಚಹಾದ ಲೋಟ ಓರೆಯಾಗಿ ಅಂಗಿಯ ಮೇಲೆ ಸುರಿಯುತ್ತಿದ್ದರೂ ಎಚ್ಚರವಿಲ್ಲ.

“ಧೂಳು ಹೋಗಲಿ ಅಂತ ಇಟ್ಟೆನವ್ವಾ,” ಎಂದರು. “ಧೂಳು ಹೋಗಲಿ ಅಂತ.”

ಬಿಡಿಸಿ ಹೇಳಬೇಕಿರಲಿಲ್ಲ. ಗಾಜಿನ ಬಣ್ಣ ತೆಳುವಾದಷ್ಟೂ ಅದಕ್ಕೆ ಸರಿಗಟ್ಟಲು ಕೊಳವೆಗೆ ಹೆಚ್ಚು ನೀರು ಹಾಕಬೇಕು. ನೀರು ಏರಿದಷ್ಟೂ ನಂಬರು ಏರುತ್ತದೆ. ನೀರಜಾ ನಿಂತಲ್ಲೇ ಲೆಕ್ಕ ಹಾಕಿದಳು. ಒಂಬತ್ತು ಹದಿಮೂರೂವರೆ ಆಗಿದೆ, ಆರು ಪಾಯಿಂಟ್ ಎಂಟು ಹತ್ತು ಪಾಯಿಂಟ್ ಎರಡಾಗಿದೆ. ಒಂದಕ್ಕೆ ಒಂದೂವರೆ. ಹಾಗಾದರೆ ಇವತ್ತಿನ ಹನ್ನೆರಡು ಅಂದರೆ? ಎಂಟು. ಹನ್ನೊಂದು ವರ್ಷದ ಹಿಂದೆ ಇದ್ದದ್ದೂ ಎಂಟೇ. ಈ ಸೀಮೆಯ ಬಸುರಿಯರ ರಕ್ತ ಒಂದು ಹನಿಯೂ ಸುಧಾರಿಸಿರಲಿಲ್ಲ. ಗೋಡೆಯ ಮೇಲೆ ಏರಿದ್ದು ಗಾಜಿನ ಬಣ್ಣ ಇಳಿದ ಗೆರೆ.

ಆಮೇಲೆ ಅವಳು ಹೆರಿಗೆಯ ರಿಜಿಸ್ಟರು ತೆಗೆದಳು. ಎರಡು ವರ್ಷದಲ್ಲಿ ಮೂವರು ತಾಯಂದಿರು ಹೊಸಪೇಟೆಯ ದಾರಿಯಲ್ಲಿ ಸತ್ತಿದ್ದರು. ಮೂವರ ಮುಂದೆಯೂ ಎಚ್‌ಬಿ ಒಂಬತ್ತು, ಹತ್ತು. ಮೂವರ ಮುಂದೆಯೂ ಒಂದೇ ಷರಾ: ‘ರಕ್ತಸ್ರಾವ, ಅನಿರೀಕ್ಷಿತ.’

ಆಡಳಿತ ವೈದ್ಯ ಡಾಕ್ಟರ್ ಸುಮಧ್ವ ಎಲ್ಲವನ್ನೂ ಕೇಳಿಸಿಕೊಂಡರು. ಬೈಯಲಿಲ್ಲ, ಸುಳ್ಳು ಅನ್ನಲಿಲ್ಲ. ಎದ್ದು ಬಾಗಿಲು ಮುಂದೆ ಮಾಡಿದರು.

“ನೀರಜಾ, ಇವತ್ತು ಗುರುವಾರ. ಸೋಮವಾರ ಟೀಮ್ ಬಂದು ಹೋಗಲಿ. ಮಂಗಳವಾರ ಮುಂಜಾನೆ ಲಿಸ್ಟಿನ್ಯಾಗಿರೋ ಅಷ್ಟೂ ಮಂದೀನ ಮತ್ತ ಟೆಸ್ಟ್ ಮಾಡಿಸ್ತೀನಿ. ನನ್ನ ಮಾತು.”

“ಸಾರ್, ಅಷ್ಟರಾಗ ಯಾರಿಗರ…”

“ಈ ವಾರ ಡೇಟ್ ಇರೋರು ಎಷ್ಟು?”

“ನಾಕು.”

“ನಾಕೂ ಮಂದೀನ ಇವತ್ತ ಹೊಸಪೇಟಿಗೆ ಕಳಸ್ತೀನಿ, ಏನೋ ಒಂದು ನೆಪ ಹೇಳಿ. ಉಳಿದೋರಿಗೆ ಇನ್ನಾ ಟೈಮ್ ಐತಿ. ಈ ಗೆರಿ ಈಗ ಅಳಿಸಿದ್ರ ಫ್ರಿಜ್ ಬರಂಗಿಲ್ಲ. ಫ್ರಿಜ್ ಬರದಿದ್ರ ಮತ್ತ ಐದು ವರ್ಷ ಇದ ದಾರಿ, ಇದ ಲಾರಿ. ಹೋದ ವರ್ಷ ಸತ್ತಾಕಿನ ಕೈ ಹಿಡಕೊಂಡು ಕುಂತಿದ್ದೆ ನಾನು. ನಾಕು ದಿನಾ ಕೇಳಾಕತ್ತೀನಿ. ನಾಕ ದಿನ.”

ತಪ್ಪು ಮಾತೇ? ನೀರಜಾಳಿಗೆ ಆಗ ಹಾಗನ್ನಿಸಲಿಲ್ಲ. ತಲೆಯಾಡಿಸಿ ಬಂದಳು.

ಶುಕ್ರವಾರ ಗೇಟಿನ ಹತ್ತಿರ ಸಂಗಮ್ಮ ಕಾಯುತ್ತಿದ್ದಳು. ಜೊತೆಗೆ ಇನ್ನೊಬ್ಬ ಬಸುರಿ, ತುಂಬು ಕೆನ್ನೆಯ ನಗುಮುಖದವಳು. ಕೊಟ್ರಬಸಮ್ಮನ ಓಣಿಯವಳೇ, ಜಂಬಮ್ಮ. ಚೊಚ್ಚಲು, ಇನ್ನೂ ಮೂರು ವಾರವಿತ್ತು.

“ಕೊಟ್ರಬಸಮ್ಮ ಅಲ್ಲಿ ಕಾಟ್ ಮ್ಯಾಲೆ ಕುಂತು ಮೂಸಂಬಿ ಸುಲಿಸ್ಕೊಂಡು ತಿನ್ನಾಕತ್ಯಾಳಂತ ಮೇಡಂ,” ಎಂದಳು ಜಂಬಮ್ಮ. “ನಮಗ್ಯಾಕಿಲ್ರಿ ಆ ಮರ್ಯಾದಿ? ನಮ್ಮತ್ತಿ ಒಂದು ಬಾಳಿಹಣ್ಣು ಕೊಡಬೇಕಂದ್ರ ಮೂರು ಸಲ ಎಣಿಸ್ತಾಳ.”

“ಸುಮ್ಕಿರಲೇ,” ಎಂದು ಸಂಗಮ್ಮ ಅವಳ ಭುಜಕ್ಕೆ ತಟ್ಟಿದಳು. ಆಮೇಲೆ ನೀರಜಾಳ ಕಡೆ ತಿರುಗಿ, “ಮೇಡಂ, ಇಲ್ಲಿ ಹತ್ತು ಇದ್ದದ್ದು ಅಲ್ಲಿ ಆರು ಹೆಂಗಾತ್ರಿ? ಇಕೀದು ಇಲ್ಲಿ ಒಂಬತ್ತೂವರಿ ಬರದಾರ. ಇಕಿ ಉಗುರೂ ಹಂಗ ಅದಾವ ನೋಡ್ರಿ. ಇಕಿನ್ನೂ ಹೊಸಪೇಟಿಗೆ ಕರಕೊಂಡು ಹೋಗ್ಲೇನು?”

ಜಂಬಮ್ಮ ಆಟಕ್ಕೆಂಬಂತೆ ಹತ್ತೂ ಬೆರಳು ಮುಂದೆ ಚಾಚಿದಳು. ಬಿಸಿಲಿನಲ್ಲಿ ಆ ಉಗುರುಗಳು ಹೊಳೆಯಲೂ ಇಲ್ಲ. ನೀರಜಾಳ ತಲೆಯೊಳಗೆ ಲೆಕ್ಕ ತಾನೇ ಓಡಿತು: ಒಂಬತ್ತೂವರೆಯನ್ನು ಒಂದೂವರೆಯಿಂದ ಭಾಗಿಸಿದರೆ ಆರೂ ಚಿಲ್ಲರೆ. ಒಂದು ಲಾರಿ ಹಾದುಹೋಯಿತು. ಧೂಳು ಮೂವರ ನಡುವೆ ಎದ್ದು ನಿಂತು ನಿಧಾನಕ್ಕೆ ಇಳಿಯಿತು.

“ಅಲ್ಲೀ ಮಿಷನ್ ಬ್ಯಾರೆ, ಇಲ್ಲೀದು ಬ್ಯಾರೆ,” ಎಂದಳು ನೀರಜಾ. “ಇನ್ನಾ ಮೂರು ವಾರ ಐತೆಲ್ಲ. ಮಂಗಳವಾರ ಕರಕೊಂಡು ಬರ್ರಿ. ನಾನ ಮುಂದ ನಿಂತು ಮಾಡಿಸ್ತೀನಿ.”

“ಮಂಗಳವಾರ?”

“ಮಂಗಳವಾರ.”

ಸಂಗಮ್ಮ ಅವಳ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿದಳು. ಆಮೇಲೆ, “ನೀವು ಹೇಳ್ತೀರಂದ್ರ ಆತು ಬಿಡ್ರಿ,” ಎಂದು ಜಂಬಮ್ಮನನ್ನು ಕರೆದುಕೊಂಡು ಹೊರಟಳು.

ಶನಿವಾರ ನೀರಜಾ ಎರಡು ಸಲ ಫೋನು ಕೈಗೆತ್ತಿಕೊಂಡು ಇಟ್ಟಳು. ಭಾನುವಾರ ಮನೆಯಲ್ಲಿ ಅಮ್ಮ ಬಡಿಸಿದ ಸಾರು ನೋಡುತ್ತ ಕುಂತಳು. ಸಂಗಮ್ಮನ ನಂಬರು ತೆರೆದು, ‘ಜಂಬಮ್ಮನನ್ನು ನಾಳೆಯೇ’ ಎಂದು ಅಷ್ಟು ಬರೆದು, ಅಳಿಸಿದಳು. ಒಬ್ಬಳಿಗೆ ಹೇಳಿದರೆ ಓಣಿಗೆಲ್ಲ ಹೇಳಿದಂತೆ. ಓಣಿಗೆ ಹೇಳಿದರೆ ತಂಡದವರ ಕಿವಿಗೆ ಬಿದ್ದಂತೆ. ಇನ್ನೊಂದೇ ದಿನ, ಅಂದುಕೊಂಡಳು.

ಸೋಮವಾರ ತಂಡದ ಮೂವರು ಬಂದರು. ವಿರೂಪಾಕ್ಷಪ್ಪ ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು ಲ್ಯಾಬಿನಲ್ಲಿ ಗೊಂಬೆಯ ಹಾಗೆ ನಿಂತಿದ್ದರು. ಕಿಟಕಿಯ ಕಟ್ಟೆ ಖಾಲಿ ಇತ್ತು. ತಂಡದ ಹಿರಿಯರು ಗೋಡೆಯ ಗೆರೆಯ ಮುಂದೆ ನಿಂತು ಕನ್ನಡಕ ಮೇಲೇರಿಸಿದರು.

“ಒಮ್ಮೆಯೂ ಇಳಿದಿಲ್ಲವಲ್ಲ! ಇದು ಹೇಗೆ ಸಾಧ್ಯವಾಯಿತು ಹೇಳಮ್ಮ, ಬೇರೆ ಕಡೆಯವರಿಗೂ ಹೇಳೋಣ.”

ನೀರಜಾ ಬಾಯಿ ತೆರೆಯುವಷ್ಟರಲ್ಲಿ ಅಂಗಳದಲ್ಲಿ ಆಟೋ ನಿಂತ ಸದ್ದಾಯಿತು. ಸಂಗಮ್ಮನ ದನಿ ಕೇಳಿಸಿತು, “ಸ್ಟ್ರೆಚರ್ ತರ್ರೀ, ಜಲ್ದಿ!” ಕಿಟಕಿಯಿಂದ ಕಂಡದ್ದು ಜಂಬಮ್ಮ. ಮೂರು ವಾರ ಮೊದಲೇ ನೋವು ಶುರುವಾಗಿತ್ತು. ನರ್ಸು ರಿಜಿಸ್ಟರಿನ ಮೇಲೆ ಬೆರಳಾಡಿಸಿ, ಒಂಬತ್ತೂವರೆ ಎಂದು ಓದಿ, ಹೆರಿಗೆ ಕೋಣೆಯ ಬಾಗಿಲು ತೆರೆದಳು.

ನೀರಜಾ ಡಾಕ್ಟರ್ ಸುಮಧ್ವರ ಕಡೆ ನೋಡಿದಳು. ಅವರು ಅವಳನ್ನು ನೋಡಲಿಲ್ಲ. ಮುಖ ಸುಣ್ಣವಾಗಿತ್ತು.

“ಎಲ್ಲರೂ ಸೇರಿ ಮಾಡಿದ್ದು ಸಾರ್,” ಎಂದಳು ನೀರಜಾ, ತಂಡದ ಹಿರಿಯರಿಗೆ.

ಡಾಕ್ಟರು ಹೆರಿಗೆ ಕೋಣೆಗೆ ಓಡಿದರು. ಕಳಿಸುವ ಹೊತ್ತು ಮೀರಿತ್ತು. ಅರ್ಧ ಗಂಟೆಯಲ್ಲಿ ಕೂಸು ಅತ್ತಿತು, ಗಂಡು. ತಂಡದವರು ಚಪ್ಪಾಳೆ ತಟ್ಟಿದರು, ಒಬ್ಬರು ಫೋಟೋ ತೆಗೆದರು. ಆಮೇಲೆ ಒಳಗಿನಿಂದ ನರ್ಸಿನ ದನಿ, “ಸಾರ್, ರಕ್ತ ನಿಲ್ಲವಲ್ದು.” ಸ್ವಲ್ಪ ಹೊತ್ತಿಗೆ ಮತ್ತೆ, “ಸಾರ್.”

ಹೋದ ರಕ್ತ ಭಾಳ ಅಲ್ಲ. ಬೇರೆ ಯಾರೇ ಆಗಿದ್ದರೂ ತಡೆದುಕೊಳ್ಳುವಷ್ಟು. ಜಂಬಮ್ಮನ ಮೈಯಲ್ಲಿ ಅಷ್ಟೂ ಹೆಚ್ಚಿನದಿರಲಿಲ್ಲ. ಆಂಬುಲೆನ್ಸಿನಲ್ಲಿ ಡಾಕ್ಟರೇ ಕುಂತರು, ಸಲೈನಿನ ಬಾಟಲಿ ನೀರಜಾಳ ಕೈಯಲ್ಲಿ. ಗುಡ್ಡದ ತಿರುವಿನಲ್ಲಿ ಲಾರಿಗಳ ಸಾಲು ನಿಂತಿತ್ತು. ಸೈರನ್ನು ಕೂಗಿ ಕೂಗಿ ದಣಿಯಿತು. ಜಂಬಮ್ಮ ಕಣ್ಣು ಬಿಟ್ಟು, “ಮೇಡಂ, ಮೂಸಂಬಿ ಕೊಡ್ತಾರೇನ್ರಿ ಅಲ್ಲಿ?” ಎಂದು ಕೇಳಿದಳು. ನಗಿಸಲೆಂದೇ ಕೇಳಿದ್ದಿರಬೇಕು. ಸಾಲು ಮುಂದೆ ಸರಿಯುವಷ್ಟರಲ್ಲಿ ನೀರಜಾ ಹಿಡಿದಿದ್ದ ಬಾಟಲಿಯ ಹನಿ ಬೀಳುತ್ತಲೇ ಇತ್ತು, ಕೆಳಗೆ ಅದನ್ನು ತೆಗೆದುಕೊಳ್ಳುವವಳು ಇರಲಿಲ್ಲ.

ಮಂಗಳವಾರ ಡಾಕ್ಟರು ಮಾತು ಉಳಿಸಿಕೊಂಡರು. ಪಟ್ಟಿಯಲ್ಲಿದ್ದ ಮೂವತ್ತೆಂಟು ಮಂದಿಗೂ ಹೊಸಪೇಟೆಯಲ್ಲಿ ಮತ್ತೆ ಪರೀಕ್ಷೆಯಾಯಿತು. ಹನ್ನೊಂದು ಮಂದಿ ಏಳಕ್ಕಿಂತ ಕೆಳಗೆ. ಹನ್ನೊಂದೂ ಮಂದಿಗೆ ರಕ್ತ ಹಚ್ಚಿದರು, ಎಲ್ಲರೂ ಬದುಕಿದ್ದಾರೆ. ಮುಂದಿನ ವಾರ ಕೇಂದ್ರಕ್ಕೆ ನೂರಕ್ಕೆ ತೊಂಬತ್ತೊಂದು ಅಂಕ ಬಂದ ಪತ್ರ ಬಂತು. ಗೋಡೆಯ ಗೆರೆ ಹಾಗೇ ಇತ್ತು. ಒರೆಸುವವರು ಯಾರೂ ಇರಲಿಲ್ಲ. ವಿರೂಪಾಕ್ಷಪ್ಪ ರಜೆ ಹಾಕಿ ಹೋದವರು ತಿರುಗಿ ಬರಲೇ ಇಲ್ಲ.

ಫ್ರಿಜ್ಜು ಹೊತ್ತ ಗಾಡಿ ಗೇಟಿನೊಳಗೆ ಬಂದ ದಿನವೇ ನೀರಜಾ ಜಂಬಮ್ಮನ ಸಾವಿನ ವರದಿಯ ಫಾರಂ ತುಂಬಬೇಕಿತ್ತು. ಹೇಳಿಕೆ ಕೊಡಲು ಸಂಗಮ್ಮ ಎದುರಿಗೆ ಕುಂತಿದ್ದಳು. ಹೆಸರು, ವಯಸ್ಸು, ಊರು ಮುಗಿದವು. ಕೊನೆಗೆ ಒಂದು ಪ್ರಶ್ನೆ: ‘ಅಪಾಯವಿರುವುದು ಮೊದಲೇ ತಿಳಿದಿತ್ತೆ? ಹೌದು / ಇಲ್ಲ.’

ಪೆನ್ನು ನಿಂತಿತು. ಸಂಗಮ್ಮ ಫಾರಂ ತಿರುಗಿಸಿಕೊಂಡು, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು.

“ಮೇಡಂ,” ಎಂದಳು, “ಮಂಗಳವಾರ ಅಂದ್ರಲ್ಲ ನೀವು. ಯಾಕ ಮಂಗಳವಾರ ಅಂತ ನಾನು ಇಷ್ಟು ದಿನದಿಂದ ಯೋಚ್ನಿ ಮಾಡಾಕತ್ತೀನಿ. ಅವತ್ತ ಗೊತ್ತಿತ್ತೇನ್ರಿ ನಿಮಗ?”

ಬಾಗಿಲಲ್ಲಿ ಡಾಕ್ಟರ್ ಸುಮಧ್ವ ಬಂದು ನಿಂತಿದ್ದರು. ಅಂಗಳದಲ್ಲಿ ನಾಲ್ಕು ಜನ ಫ್ರಿಜ್ಜನ್ನು ಹುಷಾರಾಗಿ ಇಳಿಸುತ್ತಿದ್ದರು. ಅದರ ಬಿಳಿ ಮೈಗೆ ಆಗಲೇ ಕೆಂಪು ಧೂಳು ಹತ್ತತೊಡಗಿತ್ತು.

“ಗೊತ್ತಿತ್ತು,” ಎಂದು ನೀರಜಾ ‘ಹೌದು’ ಎಂಬುದರ ಮುಂದೆ ಗುರುತು ಹಾಕಿದಳು.

ಸಂಗಮ್ಮ ಎದ್ದು, ಚೀಲ ಹೆಗಲಿಗೆ ಹಾಕಿಕೊಂಡು, ಫ್ರಿಜ್ಜನ್ನು ಬಳಸಿ ಗೇಟು ದಾಟಿ ಹೋದಳು. ಡಾಕ್ಟರು ಒಳಗೆ ಬಂದರು. ಆ ಫಾರಮ್ಮನ್ನು ನಿಧಾನಕ್ಕೆ ಎತ್ತಿ ಓದಿ, ಮಡಚಿ ಜೇಬಿಗಿಟ್ಟುಕೊಂಡರು. ಮೇಜಿನ ಮೇಲೆ ಹೊಸದೊಂದು ಖಾಲಿ ಫಾರಂ ಇಟ್ಟರು.

“ಆ ಫಾರಂ ಮ್ಯಾಲೆ ಹೋದ್ರ ಫ್ರಿಜ್ಜು ವಾಪಸ್ ಹೋಗ್ತೈತಿ ನೀರಜಾ. ಮುಂದ ಬರೋ ಜಂಬಮ್ಮಗೋಳ ಸಲುವಾಗಿ ಕೇಳಾಕತ್ತೀನಿ. ಇನ್ನೊಮ್ಮೆ ಬರೀರಿ.”

ಅವರು ಹೊರಗೆ ಹೋದ ಮೇಲೆ ಬಾಗಿಲು ತಾನೇ ಮುಚ್ಚಿಕೊಂಡಿತು. ನೀರಜಾ ಪೆನ್ನು ಹಿಡಿದು ಕುಂತಿದ್ದಾಳೆ, ಖಾಲಿ ಫಾರಮ್ಮಿನ ಮೇಲೆ ಧೂಳು ಕೂರುತ್ತಿದೆ. ಇಷ್ಟೂ ಕೇಳಿದಿರಲ್ಲ, ಈಗ ನೀವು ಹೇಳಿ: ಅವಳ ಜಾಗದಲ್ಲಿ ನೀವಿದ್ದಿದ್ದರೆ, ಗೇಟಿನ ಮುಂದೆ ಆ ಹತ್ತು ಬೆರಳು ಚಾಚಿದ ಶುಕ್ರವಾರ ಏನು ಮಾಡುತ್ತಿದ್ದಿರಿ?